1:4 ಅಳತೆಯ ಟೈಗರ್ ಮಾತ್ ಕಿಟ್ ಮತ್ತು ಡಿಎಲ್‌ಇ-30 ಎಂಜಿನ್: ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಒಂದರ ಮೇಲೊಂದು ಎರಡು ರೆಕ್ಕೆಗಳ (ಬೈಪ್ಲೇನ್) ದೊಡ್ಡ ರೇಡಿಯೋ ವಿಮಾನ ಬೇಕು, ಅದು ಹುಲ್ಲಿನ ಮೇಲಿಂದ ಅವಸರವಿಲ್ಲದೆ ಏಳಬೇಕು, ಕಣ್ಣಳತೆಯಲ್ಲೇ ಸಾವಕಾಶವಾಗಿ ಸುತ್ತಬೇಕು ಎನ್ನುವವರಿಗೆ 1:4 ಅಳತೆಯ ಟೈಗರ್ ಮಾತ್‌ಗಿಂತ ಒಳ್ಳೆಯ ಆಯ್ಕೆ ನಮಗೆ ಕಂಡಿಲ್ಲ. ಆದರೆ ಎಆರ್‌ಎಫ್ (ಆಲ್ಮೋಸ್ಟ್ ರೆಡಿ ಟು ಫ್ಲೈ) ಪೆಟ್ಟಿಗೆಯ ಮೇಲಿನ ‘ಬಹುತೇಕ ಸಿದ್ಧ’ ಎಂಬ ಮಾತನ್ನು ನಂಬಿ ಶನಿವಾರ, ಭಾನುವಾರದಲ್ಲಿ ಮುಗಿಸಲು ಹೊರಟರೆ ವಿಮಾನ ಉಳಿಯುವುದಿಲ್ಲ. ಹಗುರ ಬಾಲ್ಸಾ ಮರದ ಕೆಲಸ ಮತ್ತು ಬಟ್ಟೆಯ ಹೊದಿಕೆ ಕಾರ್ಖಾನೆಯಲ್ಲೇ ಆಗಿರುತ್ತದೆ, ನಿಜ. ಈ ವಿಮಾನದ ಹಣೆಬರಹ ಇರುವುದು ಮಾತ್ರ ರೆಕ್ಕೆಗಳ ತಂತಿ ಬಿಗಿಯುವುದರಲ್ಲಿ, ಮೂಗಿನ ತೂಕದಲ್ಲಿ ಮತ್ತು ಹಾರಿಸುವವರ ಎಡಗೈಯ ರಡ್ಡರ್‌ನಲ್ಲಿ, ಅಂದರೆ ಮೂಗನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಹಲಗೆಯಲ್ಲಿ. ಈ ಮೂರೂ ಪೆಟ್ಟಿಗೆಯೊಳಗೆ ಬರುವುದಿಲ್ಲ.

ಅಸಲಿ ವಿಮಾನ ಡಿ ಹ್ಯಾವಿಲ್ಯಾಂಡ್ ಡಿಎಚ್-82. ಅದು 1931ರ ಅಕ್ಟೋಬರ್‌ನಲ್ಲಿ ಮೊದಲು ಹಾರಿತು. ರೆಕ್ಕೆಯ ಹರವು 8.94 ಮೀಟರ್, ಅಂದರೆ ಮಾದರಿಯಲ್ಲಿ ಸುಮಾರು 2.23 ಮೀಟರ್. ಉದ್ದ 1.8 ಮೀಟರಿಗೆ ತುಸು ಹೆಚ್ಚು. ಎರಡೂ ರೆಕ್ಕೆ ಸೇರಿ ಸುಮಾರು 139 ಚದರ ಡೆಸಿಮೀಟರ್ ವಿಸ್ತೀರ್ಣ ಸಿಗುತ್ತದೆ. ತೂಕವನ್ನು 10 ಕೆಜಿಯಲ್ಲಿ ಹಿಡಿದಿಟ್ಟರೆ ಪ್ರತಿ ಚದರ ಡೆಸಿಮೀಟರಿಗೆ 72 ಗ್ರಾಂ ಬರುತ್ತದೆ, ಈ ಗಾತ್ರಕ್ಕೆ ಅದು ಹಗುರವೇ. ಭಾರತೀಯ ವಾಯುಪಡೆಯ ಪೈಲಟ್‌ಗಳು ಹಾರಲು ಕಲಿತದ್ದು ಇದೇ ವಿಮಾನದಲ್ಲಿ. ಅದರ ಜಾಗಕ್ಕೆ ಬಂದ ಎಚ್‌ಟಿ-2 ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿ 1951ರಲ್ಲಿ ಹಾರಿತು. ಕಿಟ್‌ಗಳು ಹೆಚ್ಚಾಗಿ ಬ್ರಿಟಿಷ್ ತರಬೇತಿ ವಿಮಾನದ ಹಳದಿ ಬಣ್ಣದಲ್ಲಿ ಬರುತ್ತವೆ. ಸ್ಟಿಕ್ಕರ್ ಅಂಟಿಸುವ ಮೊದಲೇ ತೀರ್ಮಾನಿಸಿದರೆ ಕೇಸರಿ-ಬಿಳಿ-ಹಸಿರಿನ ಚಕ್ರ ಹಾಕಿ ಅದನ್ನು ನಮ್ಮ ವಾಯುಪಡೆಯದ್ದಾಗಿಸಬಹುದು. ಇದು ಮಾಡಲೇಬೇಕಾದ ಕೆಲಸ ಎಂದು ನಮ್ಮ ಬಲವಾದ ಅಭಿಪ್ರಾಯ.

ಪೆಟ್ಟಿಗೆ ತೆರೆದ ಕೂಡಲೇ ಫೈರ್‌ವಾಲ್ (ಎಂಜಿನ್ ಕೂರುವ ಮುಂದಿನ ಹಲಗೆ) ಮತ್ತು ಲ್ಯಾಂಡಿಂಗ್ ಗೇರ್ ಕೂರುವ ಪ್ಲೈವುಡ್ ಜೋಡಣೆಯನ್ನು ಟಾರ್ಚ್ ಹಿಡಿದು ನೋಡಿ. ಇಂಥ ಕಿಟ್‌ಗಳಲ್ಲಿ ಅಂಟು ಜಿಪುಣತನದಿಂದ ಬಿದ್ದಿರುವುದು ಸಾಮಾನ್ಯ. 30 ಸಿಸಿ ಎಂಜಿನ್ನಿನ ಅದುರಿಕೆಗೆ ಬರೀ ಅಂಟಿನ ಗೆರೆ ಸಾಲದು. ಒಳಮೂಲೆಗಳಿಗೆ ತ್ರಿಕೋನ ಕಟ್ಟಿಗೆ ಇಟ್ಟು 30 ನಿಮಿಷದ ಇಪಾಕ್ಸಿ ಹಚ್ಚಿ. 5 ನಿಮಿಷದ್ದು ಬೇಡ, ಅದು ಮರದೊಳಗೆ ಇಳಿಯುವ ಮೊದಲೇ ಗಟ್ಟಿಯಾಗಿಬಿಡುತ್ತದೆ. ಫೈರ್‌ವಾಲ್‌ನ ಹೊರಮೈಗೂ ತೆಳುವಾಗಿ ಇಪಾಕ್ಸಿ ಬಳಿದರೆ ಪೆಟ್ರೋಲು, ಎಣ್ಣೆ ಮರಕ್ಕೆ ಇಂಗುವುದಿಲ್ಲ. ಜತೆಗೆ ಬರುವ ಬೋಲ್ಟು, ಕ್ಲೆವಿಸ್ (ಸರಳನ್ನು ಹಲಗೆಗೆ ಸೇರಿಸುವ ಕೊಂಡಿ), ಹಿಂಜ್‌ಗಳಲ್ಲಿ ಅರ್ಧವನ್ನಾದರೂ ಬದಲಿಸಬೇಕು. ಐಲೆರಾನ್ (ವಿಮಾನವನ್ನು ವಾಲಿಸುವ ರೆಕ್ಕೆಯ ಹಲಗೆ), ಎಲಿವೇಟರ್ (ಮೂಗನ್ನು ಏರಿಸಿ ಇಳಿಸುವ ಬಾಲದ ಹಲಗೆ) ಇವುಗಳಿಗೆ ಲೋಹದ ಕ್ಲೆವಿಸ್ ಹಾಕಿ ಮೇಲೆ ಸಿಲಿಕೋನ್ ಕೊಳವೆಯ ತುಂಡು ಏರಿಸಿ. ಲೋಹಕ್ಕೆ ಲೋಹ ಸೇರುವ ಪ್ರತಿ ತಿರುಪಿಗೂ ಸಡಿಲಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಅಂಟು ಹಾಕಿ.

ಇನ್ನು ರೆಕ್ಕೆ. ಇಲ್ಲಿ ಅವಸರ ಮಾಡಿದವರ ವಿಮಾನ ಒಂದು ಕಡೆಗೆ ವಾಲಿಕೊಂಡೇ ಹಾರುತ್ತದೆ, ಆಮೇಲೆ ಟ್ರಿಮ್ ಎಷ್ಟು ಒತ್ತಿದರೂ ಸರಿಹೋಗುವುದಿಲ್ಲ. ಮೊದಲು ಕೆಳರೆಕ್ಕೆಗಳನ್ನು ಕೊಳವೆಗೆ ಏರಿಸಿ ಬೋಲ್ಟು ಹಾಕಿ. ನಂತರ ಕ್ಯಾಬೇನ್ ಸ್ಟ್ರಟ್‌ಗಳ (ಮೇಲಿನ ರೆಕ್ಕೆಯನ್ನು ಒಡಲ ಮೇಲೆ ಹೊರುವ ಗಿಡ್ಡ ಕಂಬಗಳು) ಮೇಲೆ ಮಧ್ಯದ ತುಂಡನ್ನು ಕೂರಿಸಿ, ಅಸಲಿ ವಿಮಾನದಲ್ಲಿ ಇಂಧನದ ಟ್ಯಾಂಕ್ ಇರುವುದು ಅದರಲ್ಲೇ. ಇಲ್ಲಿ ನಿಂತು, ರೆಕ್ಕೆ ಕೂತ ಕೋನವನ್ನು ಇನ್ಸಿಡೆನ್ಸ್ ಮೀಟರ್‌ನಿಂದ ಅಳೆಯಿರಿ. ಕೆಳರೆಕ್ಕೆಯ ಎಡ-ಬಲ ಕೋನಗಳಲ್ಲಿ ಕಾಲು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೇಲಿನ ಮತ್ತು ಕೆಳಗಿನ ರೆಕ್ಕೆಗಳ ನಡುವಿನ ವ್ಯತ್ಯಾಸ ಕೈಪಿಡಿ ಹೇಳಿದಷ್ಟೇ ಇರಲಿ. ಕ್ಯಾಬೇನ್‌ನ ರಂಧ್ರಗಳು ಅರ್ಧ ಮಿಲಿಮೀಟರ್ ಆಚೀಚೆ ಇದ್ದರೂ ಮೇಲಿನ ರೆಕ್ಕೆಯ ಕೋನ ಬದಲಾಗುತ್ತದೆ. ಆಗ ರಂಧ್ರ ದೊಡ್ಡದು ಮಾಡಬೇಡಿ, ತೆಳು ವಾಷರ್ ಇಟ್ಟು ಸರಿಪಡಿಸಿ.

ಇದಾದ ಮೇಲೆಯೇ ಮೇಲಿನ ರೆಕ್ಕೆಗಳು, ಹೊರಗಿನ ಸ್ಟ್ರಟ್‌ಗಳು, ಕೊನೆಗೆ ತಂತಿ. ತಂತಿಗಳು ಅಂದಕ್ಕೋ ಭಾರ ಹೊರುವುದಕ್ಕೋ ಎಂಬುದನ್ನು ಕೈಪಿಡಿಯಲ್ಲಿ ಓದಿ ಖಚಿತಪಡಿಸಿಕೊಳ್ಳಿ. ಭಾರ ಹೊರುವ ಬಗೆಯದ್ದಾದರೆ ಒಂದು ತಂತಿ ಬಿಟ್ಟು ಹಾರಿಸುವುದೂ ಅಪಾಯ. ಲ್ಯಾಂಡಿಂಗ್ ತಂತಿಗಳನ್ನು, ಅಂದರೆ ಮಧ್ಯದ ಮೇಲ್ಭಾಗದಿಂದ ಕೆಳರೆಕ್ಕೆಯ ಹೊರತುದಿಗೆ ಇಳಿಯುವವನ್ನು, ಮೊದಲು ಬಿಗಿಯಿರಿ. ಕೆಳರೆಕ್ಕೆ ತುದಿಯತ್ತ ಮೇಲೇರುವ ಡೈಹೆಡ್ರಲ್ ಕೋನ ನಿಲ್ಲುವುದು ಇವುಗಳಿಂದ. ಆಮೇಲೆ ಕೆಳಗಿನಿಂದ ಮೇಲೇರುವ ಫ್ಲೈಯಿಂಗ್ ತಂತಿಗಳು. ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಅರ್ಧ ಸುತ್ತು, ಹೀಗೆ ತಂತಿ ಬಿಗಿಯುವ ಟರ್ನ್‌ಬಕಲ್ ತಿರುಗಿಸುತ್ತ ಬನ್ನಿ. ಬೆರಳಿನಿಂದ ಒತ್ತಿದರೆ ತಂತಿ ಸ್ವಲ್ಪ ಬಾಗಬೇಕು. ವೀಣೆಯ ತಂತಿಯಂತೆ ನಾದ ಬರುವಷ್ಟು ಬಿಗಿದರೆ ರೆಕ್ಕೆಯೇ ತಿರುಚಿಕೊಳ್ಳುತ್ತದೆ. ಬಿಗಿದ ಮೇಲೆ ಮತ್ತೊಮ್ಮೆ ನಾಲ್ಕೂ ರೆಕ್ಕೆಗಳ ತುದಿಯಲ್ಲಿ ಮೀಟರ್ ಇಟ್ಟು ನೋಡಿ, ಲಾಕ್‌ನಟ್ ಕೂರಿಸಿ.

ಸ್ಟ್ರಟ್‌ಗಳಿಗೆ ಎಡ/ಬಲ, ಮುಂದೆ/ಹಿಂದೆ ಎಂದು ಒಳಮೈಯಲ್ಲಿ ಗುರುತು ಹಾಕಿಡಿ. ಸಾಗಿಸುವಾಗ ಎಲ್ಲ ಬಿಚ್ಚುವುದಕ್ಕಿಂತ, ಒಂದು ಬದಿಯ ಮೇಲಿನ-ಕೆಳಗಿನ ರೆಕ್ಕೆಗಳನ್ನು ಸ್ಟ್ರಟ್ ಸಮೇತ ಜೋಡಿಯಾಗಿಯೇ ಕಳಚಿ ಇಟ್ಟರೆ ಮೈದಾನದಲ್ಲಿ ಕೆಲಸ ಬೇಗ ಮುಗಿಯುತ್ತದೆ, ಹೊಂದಿಸಿದ ಕೋನಗಳೂ ಕೆಡುವುದಿಲ್ಲ. ಇದಕ್ಕೆ ಹಿಂದಿನ ಸೀಟು ಮಡಚುವ ಕಾರು ಬೇಕು, ಎರಡು ದಪ್ಪ ಫೋಮ್ ತೊಟ್ಟಿಲು ಬೇಕು.

ಎಂಜಿನ್ ಆಗಿ ಡಿಎಲ್‌ಇ-30 ಈ ವಿಮಾನಕ್ಕೆ ಸರಿಯಾದ ಜೋಡಿ. 30.5 ಸಿಸಿಯ ಟೂ-ಸ್ಟ್ರೋಕ್, ಎನ್‌ಜಿಕೆ ಸಿಎಂ-6 ಸ್ಪಾರ್ಕ್ ಪ್ಲಗ್, ಎಲೆಕ್ಟ್ರಾನಿಕ್ ಇಗ್ನಿಷನ್. ತಯಾರಕರು ಹೇಳುವ ಮಿಶ್ರಣ 30:1, ಅಂದರೆ 5 ಲೀಟರ್ ಪೆಟ್ರೋಲಿಗೆ 167 ಮಿಲಿಲೀಟರ್ ಟೂ-ಸ್ಟ್ರೋಕ್ ಎಣ್ಣೆ. ಪ್ರೊಪೆಲ್ಲರ್ 18x8ರಿಂದ 20x8ರವರೆಗೆ (ಇಂಚಿನಲ್ಲಿ ವ್ಯಾಸ x ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಹಾಕಬಹುದು. ತಂತಿ-ಕಂಬಗಳ ಎಳೆತ ಇಷ್ಟಿರುವ ವಿಮಾನಕ್ಕೆ ವೇಗಕ್ಕಿಂತ ತಳ್ಳುವ ಬಲ ಮುಖ್ಯ, ಹಾಗಾಗಿ 19x8 ಅಥವಾ 20x8 ನಮ್ಮ ಆಯ್ಕೆ. ಕಾರ್ಬ್ಯುರೇಟರಿನ ಇಂಧನ ಸೂಜಿಗಳೆರಡನ್ನೂ ಸುಮಾರು ಒಂದೂವರೆ ಸುತ್ತು ತೆರೆದು ಶುರುಮಾಡಿ. ಮೊದಲು ಕೆಳವೇಗದ ಸೂಜಿ ಸರಿಮಾಡಿ, ಆಮೇಲೆ ಮೇಲ್ವೇಗದ್ದು. ಪೂರ್ಣ ವೇಗದಲ್ಲಿ ಗರಿಷ್ಠ ಆರ್‌ಪಿಎಂ ಸಿಕ್ಕ ಜಾಗದಿಂದ ಸ್ವಲ್ಪ ಹಿಂದೆ ತಿರುಗಿಸಿ, 200 ಆರ್‌ಪಿಎಂನಷ್ಟು ಕಡಿಮೆಯಲ್ಲಿ ನಿಲ್ಲಿಸಿ. ಮೂಗು ಮೇಲೆತ್ತಿ ಹಿಡಿದಾಗಲೂ ಅದು ಕುಗ್ಗಬಾರದು.

ಮಂಗಳೂರಿನ ಕಡಲಮಟ್ಟದಲ್ಲಿ ಹೊಂದಿಸಿದ ಎಂಜಿನ್ ಬೆಂಗಳೂರಿಗೆ ಬಂದರೆ ರಿಚ್ ಆಗಿ (ಗಾಳಿಗೆ ಪೆಟ್ರೋಲು ಹೆಚ್ಚಾಗಿ) ಓಡುತ್ತದೆ. ಇಲ್ಲಿ 900 ಮೀಟರಿಗೂ ಹೆಚ್ಚು ಎತ್ತರ, ಗಾಳಿ ಸುಮಾರು ಶೇ 10ರಷ್ಟು ತೆಳು. ಶಕ್ತಿಯೂ ಅಷ್ಟೇ ಕಡಿಮೆ, ಇಳಿಯುವ ವೇಗ ಸುಮಾರು ಶೇ 5ರಷ್ಟು ಹೆಚ್ಚು. ಸೂಜಿಯನ್ನು ಹಾರಿಸುವ ಊರಿನಲ್ಲೇ ಹೊಂದಿಸಿ.

ಬಂಕಿನ ಪೆಟ್ರೋಲಿನಲ್ಲಿ ಈಗ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಕಾರ್ಬ್ಯುರೇಟರಿನ ಡಯಾಫ್ರಾಮ್ ಗಟ್ಟಿಯಾಗಿಸುತ್ತದೆ. ಆದ್ದರಿಂದ ದಿನದ ಹಾರಾಟ ಮುಗಿದೊಡನೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒಣಗಿಸಿ. ಡಯಾಫ್ರಾಮ್ ಕಿಟ್ ಒಂದು ಸದಾ ಪೆಟ್ಟಿಗೆಯಲ್ಲಿರಲಿ. ಟ್ಯಾಂಕಿನ ಬಿರಡೆ ಪೆಟ್ರೋಲಿಗೆ ತಕ್ಕದ್ದೇ ಎಂದು ನೋಡಿಕೊಳ್ಳಿ, ಕೊಳವೆ ಪೆಟ್ರೋಲು ತಡೆಯುವ ಟೈಗಾನ್ ಆಗಿರಲಿ. ಮೆಥನಾಲಿನ ಗ್ಲೋ ಇಂಧನದ ಸಿಲಿಕೋನ್ ಕೊಳವೆ ಪೆಟ್ರೋಲಿಗೆ ಉಬ್ಬಿ ಜಾರಿ ಬೀಳುತ್ತದೆ.

ಟೈಗರ್ ಮಾತ್‌ನ ಮೂಗು ಕಿರಿದು. ಅಸಲಿಯಲ್ಲಿ ನಾಲ್ಕು ಸಿಲಿಂಡರ್ ಸಾಲಾಗಿ ತಲೆಕೆಳಗಾಗಿ ನಿಲ್ಲುವ ಜಿಪ್ಸಿ ಮೇಜರ್ ಇತ್ತು. ಮಾದರಿಯ ಸಿಲಿಂಡರನ್ನೂ ಕೆಳಮುಖವಾಗಿಯೇ ಕೂರಿಸಬೇಕು, ಆಗ ಕೌಲ್ (ಎಂಜಿನ್ನಿನ ಹೊರಕವಚ) ಕತ್ತರಿಸುವ ಕೆಲಸ ಕಡಿಮೆ. ಆದರೆ ಬಿಸಿ ಹೊರಹೋಗಲು ದಾರಿ ಬೇಕು. ಗಾಳಿ ಹೊರಹೋಗುವ ತೆರಪು ಒಳಬರುವ ತೆರಪಿನ ಎರಡೂವರೆ ಪಟ್ಟಾದರೂ ಇರಲಿ. ಕೌಲ್‌ನೊಳಗೆ ತೆಳು ಪ್ಲೈ ಅಡ್ಡಹಲಗೆ ಅಂಟಿಸಿ, ಬಂದ ಗಾಳಿಯೆಲ್ಲ ಸಿಲಿಂಡರಿನ ತಂಪುಪಟ್ಟಿಗಳ (ಫಿನ್) ನಡುವೆಯೇ ನುಗ್ಗುವಂತೆ ಮಾಡಿ. ಈ ಹಲಗೆ ಇಲ್ಲದಿದ್ದರೆ ಬೇಸಿಗೆಯ ಮಧ್ಯಾಹ್ನ ಐದಾರು ನಿಮಿಷದಲ್ಲಿ ಎಂಜಿನ್ ಸೊರಗಿ, ಆಕಾಶದಲ್ಲೇ ನಿಂತುಹೋಗುವುದುಂಟು.

ಮೂಗು ಗಿಡ್ಡವೂ ಹೌದು, ಹಾಗಾಗಿ ಸಿಜಿ (ಗುರುತ್ವ ಕೇಂದ್ರ) ಸರಿಹೋಗಲು ಸೀಸ ಬೇಕೇಬೇಕು. ಅರ್ಧದಿಂದ ಒಂದು ಕೆಜಿವರೆಗೆ ಬೇಡಿದರೆ ಗಾಬರಿಯಾಗಬೇಡಿ. ಬಾಲದಲ್ಲಿ ಸೇರಿದ 10 ಗ್ರಾಂ ತೂಗಿಸಲು ಮೂಗಿನಲ್ಲಿ 25 ಗ್ರಾಂ ಮೇಲ್ಪಟ್ಟು ಇಡಬೇಕಾಗುತ್ತದೆ. ಅದಕ್ಕೇ ಎಲಿವೇಟರ್, ರಡ್ಡರ್ ತಿರುಗಿಸುವ ಸರ್ವೋ ಮೋಟಾರುಗಳನ್ನು ಬಾಲದಲ್ಲಿ ಇಡದೆ ಕಾಕ್‌ಪಿಟ್ ಕೆಳಗಿಟ್ಟು ತಂತಿಯಿಂದ ಎಳೆಯುವುದು ಲೇಸು. ಅಸಲಿಯಂತೆ ಕಾಣುತ್ತದೆ, ಹಗುರವೂ ಹೌದು. ಬ್ಯಾಟರಿಗಳೆಲ್ಲ ಎಂಜಿನ್ ಪೆಟ್ಟಿಗೆಯೊಳಗೆ ಬರಲಿ. ಟ್ಯಾಂಕ್ ಖಾಲಿ ಇಟ್ಟು, ಇಬ್ಬರು ಎರಡು ಬದಿಯಿಂದ ಮೇಲಿನ ರೆಕ್ಕೆಯಡಿ ಸಿಜಿ ಗುರುತಿಗೆ ಬೆರಳಿಟ್ಟು ಎತ್ತಿ ನೋಡಿ. ಮೊದಲ ಹಾರಾಟಕ್ಕೆ ಕೈಪಿಡಿಯ ಶ್ರೇಣಿಯ ಮುಂದಿನ ಅಂಚೇ ಸುರಕ್ಷಿತ. ತೂಕ ಉಳಿಸುವ ಆಸೆಗೆ ಬಾಲಭಾರವಾಗಿ ಹಾರಿಸಿದ ಬೈಪ್ಲೇನ್ ಎರಡನೇ ಸಲ ಹಾರುವುದು ಅಪರೂಪ.

ಸರ್ವೋ ಐದು ಸಾಕು: ಐಲೆರಾನಿಗೆ ಎರಡು, ಏಕೆಂದರೆ ಟೈಗರ್ ಮಾತ್‌ಗೆ ಕೆಳರೆಕ್ಕೆಯಲ್ಲಿ ಮಾತ್ರ ಐಲೆರಾನ್, ಮತ್ತೆ ಎಲಿವೇಟರ್, ರಡ್ಡರ್, ಥ್ರಾಟಲ್. ಮೊದಲ ನಾಲ್ಕಕ್ಕೆ 8-10 ಕೆಜಿ-ಸೆಂ.ಮೀ. ಬಲದ ಲೋಹದ ಗೇರಿನವು. ರಿಸೀವರಿಗೆ 6.6 ವೋಲ್ಟಿನ ಎರಡು ಲೈಫ್ (LiFe, ಲಿಥಿಯಂ-ಐರನ್) ಬ್ಯಾಟರಿ, ಇಗ್ನಿಷನ್ನಿಗೆ ಬೇರೆಯೇ ಬ್ಯಾಟರಿ. ಇಗ್ನಿಷನ್ ಪೆಟ್ಟಿಗೆ ರಿಸೀವರಿನಿಂದ 30 ಸೆಂ.ಮೀ. ದೂರವಿರಲಿ. ಟ್ರಾನ್ಸ್‌ಮಿಟರಿನಿಂದಲೇ ಎಂಜಿನ್ ನಿಲ್ಲಿಸುವ ಆಪ್ಟಿಕಲ್ ಕಿಲ್ ಸ್ವಿಚ್ ಇಲ್ಲದೆ ಈ ಗಾತ್ರದ ವಿಮಾನ ಹಾರಿಸುವುದನ್ನು ನಾವು ಒಪ್ಪುವುದಿಲ್ಲ.

ಐಲೆರಾನ್ ಮೇಲಕ್ಕೆ 25 ಮಿ.ಮೀ. ಏಳುವಾಗ ಕೆಳಕ್ಕೆ 8ಕ್ಕಿಂತ ಹೆಚ್ಚು ಇಳಿಯಬಾರದು. ಕೆಳಗಿಳಿದ ಐಲೆರಾನ್ ಆ ಬದಿಯ ರೆಕ್ಕೆಯನ್ನು ಹಿಂದಕ್ಕೆ ಎಳೆಯುತ್ತದೆ. ವಿಮಾನ ಬಲಕ್ಕೆ ವಾಲುತ್ತ ಮೂಗನ್ನು ಮಾತ್ರ ಎಡಕ್ಕೆ ತಿರುಗಿಸುವುದು ಇದರಿಂದಲೇ. ಡಿ ಹ್ಯಾವಿಲ್ಯಾಂಡ್ ಎಂಜಿನಿಯರುಗಳೂ ಅಸಲಿಯಲ್ಲಿ ಇದೇ ಅಸಮ ಚಲನೆ ಕೊಟ್ಟಿದ್ದರು. ಇಷ್ಟು ಮಾಡಿದರೂ ರಡ್ಡರ್ ಬೇಕು. ತಿರುವನ್ನು ರಡ್ಡರ್‌ನಿಂದ ಶುರುಮಾಡಿ, ಐಲೆರಾನ್ ಅದನ್ನು ಹಿಂಬಾಲಿಸಲಿ. ಅಭ್ಯಾಸವಾಗುವವರೆಗೆ ಶೇ 25ರಷ್ಟು ಐಲೆರಾನ್-ರಡ್ಡರ್ ಮಿಕ್ಸ್ (ಐಲೆರಾನ್ ಜತೆ ರಡ್ಡರ್ ತಾನಾಗಿ ತಿರುಗುವ ಹೊಂದಾಣಿಕೆ) ಹಾಕಿಕೊಳ್ಳಬಹುದು. ಐಲೆರಾನಿನಿಂದಲೇ ಎಲ್ಲ ಮಾಡಿ ರೂಢಿಯಾದವರಿಗೆ ಈ ವಿಮಾನ ಮೊದಮೊದಲು ಮೊಂಡು ಅನಿಸುತ್ತದೆ, ರಡ್ಡರ್ ಕೈಗೆ ಹತ್ತಿದ ಮೇಲೆ ಅದರ ತಿರುವಿನಷ್ಟು ಚೆಂದ ಮತ್ತೊಂದಿಲ್ಲ.

ಹಾರಲು ಗಾಳಿಗೆ ನೇರ ಎದುರಾಗಿ ನಿಲ್ಲಿಸಿ. ಎಲಿವೇಟರ್ ಎಳೆದು ಹಿಡಿದು, ಥ್ರಾಟಲನ್ನು ನಾಲ್ಕೈದು ಸೆಕೆಂಡಿನಲ್ಲಿ ಹಂತಹಂತವಾಗಿ ಏರಿಸಿ. ಓಟ ಶುರುವಾದೊಡನೆ ಎಡಕ್ಕೆ ಎಳೆಯುತ್ತದೆ, ಬಲ ರಡ್ಡರ್ ಕೊಡಿ. ವೇಗ ಬಂದಂತೆ ಎಲಿವೇಟರ್ ಸಡಿಲಿಸಿ ಬಾಲ ಏಳಲು ಬಿಡಿ, ಅದು ತಾನಾಗಿ ಮೇಲೇಳಲಿ. ಥ್ರಾಟಲ್ ಒಮ್ಮೆಗೇ ದೂಡಿದರೆ ಮೂಗು ನೆಲಕ್ಕೆ ಬಿದ್ದು ಪ್ರೊಪೆಲ್ಲರ್ ಮುರಿಯುತ್ತದೆ. ಮೇಲೆ ಅರ್ಧ ಥ್ರಾಟಲ್ ಸಾಕು. ಲೂಪ್ ಹಾಕಲು ಸ್ವಲ್ಪ ಇಳಿದು ವೇಗ ಗಳಿಸಬೇಕು.

ಇಳಿಯುವುದೇ ಹೆಚ್ಚು ಜನ ಎಡವುವ ಜಾಗ. 10 ಕೆಜಿಗೆ ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರುವುದಿಲ್ಲ) ಲೆಕ್ಕಕ್ಕೆ ಗಂಟೆಗೆ ಸುಮಾರು 35 ಕಿ.ಮೀ. ಬರುತ್ತದೆ, ಸುಲಭ ಎನಿಸುತ್ತದೆ. ಆದರೆ ಥ್ರಾಟಲ್ ಮುಚ್ಚಿದ ಕೂಡಲೇ ತಂತಿ, ಕಂಬ, ಎರಡು ರೆಕ್ಕೆ ಎಲ್ಲ ಸೇರಿ ಬ್ರೇಕ್ ಹಾಕುತ್ತವೆ, ವಿಮಾನ ಜಾರದೆ ಕುಸಿಯುತ್ತದೆ. ಕಾಲು ಥ್ರಾಟಲ್ ಇಟ್ಟುಕೊಂಡೇ ಬನ್ನಿ, ಚಕ್ರ ಹುಲ್ಲು ಮುಟ್ಟುವ ಮುನ್ನವಷ್ಟೇ ತೆಗೆಯಿರಿ. ಪುಟಿದರೆ ಎಲಿವೇಟರಿನಿಂದ ಅಟ್ಟಿಸಿಕೊಂಡು ಹೋಗಬೇಡಿ, ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಹಾಕಿ. ಎಂಜಿನ್ ಆಕಾಶದಲ್ಲೇ ನಿಂತರೆ ತಕ್ಷಣ ಮೂಗು ಕೆಳಕ್ಕೆ, ಮೈದಾನದ ಆ ತುದಿಯ ಆಸೆ ಬಿಡಿ. ನೆಲಕ್ಕೆ ತಾಗಿದ ಮೇಲೂ ರಡ್ಡರ್ ಬಿಡಬಾರದು, ಬ್ರೇಕಿಲ್ಲದ ಈ ವಿಮಾನ ಅಡ್ಡಗಾಳಿಗೆ ಕೊನೆಯ ಐದು ಮೀಟರಿನಲ್ಲಿ ತಿರುಗಿ ರೆಕ್ಕೆತುದಿ ಉಜ್ಜುತ್ತದೆ. ಬಾಲದ ಸ್ಕಿಡ್ ಹುಲ್ಲಿಗೆ ಸರಿ, ಸಿಮೆಂಟ್ ಪಟ್ಟಿಯಿದ್ದರೆ ಬಾಲಚಕ್ರ ಹಾಕಿ.

ಎಲ್ಲಿ ಹಾರಿಸುವುದು ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮೈದಾನ ಹಸಿರು ವಲಯದಲ್ಲಿರಬೇಕು. ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರುಗಳ ವಿಮಾನ ನಿಲ್ದಾಣಗಳ ಕಾರಣ ಬೆಂಗಳೂರಿನ ಸುತ್ತ ಅಂಥ ಜಾಗ ಹುಡುಕಬೇಕಾಗುತ್ತದೆ.

ಮೊದಲ ನಾಲ್ಕೈದು ಹಾರಾಟಗಳಲ್ಲಿ ಪ್ರತಿ ಸಲ ಇಳಿದ ಮೇಲೆ ಪ್ರೊಪೆಲ್ಲರ್ ಬೋಲ್ಟುಗಳನ್ನು ಬಿಗಿದು ನೋಡಿ, ಹೊಸ ಮರ ಒತ್ತಿಕೊಂಡು ಅವು ಸಡಿಲವಾಗುತ್ತವೆ. ತಂತಿಗಳೂ ಅಷ್ಟೇ, ಹಿಗ್ಗುತ್ತವೆ. ಬಿಸಿಲಿಗೆ ಬಟ್ಟೆ ಸುಕ್ಕಾದರೆ ಕಡಿಮೆ ಶಾಖದ ಇಸ್ತ್ರಿಯಿಂದ ಸವರಿ. ಒಂದೇ ಬದಿ ಹೆಚ್ಚು ಕಾಯಿಸಿದರೆ ರೆಕ್ಕೆ ತಿರುಚುತ್ತದೆ, ಆದ್ದರಿಂದ ಅದಾದ ಮೇಲೆ ಇನ್ಸಿಡೆನ್ಸ್ ಮೀಟರ್ ಮತ್ತೆ ಇಡಬೇಕು.