ನಾರ್ಟನ್ ಕಮಾಂಡೋ: ಪ್ರೈಮರಿಗೆ ಚೈನೋ, ಬೆಲ್ಟೋ?

ನಾರ್ಟನ್ ಕಮಾಂಡೋ ಎಂಬ ಹಳೆಯ ಬ್ರಿಟಿಷ್ ಬೈಕಿನಲ್ಲಿ ಎಂಜಿನ್ನಿನ ಶಕ್ತಿಯನ್ನು ಕ್ಲಚ್ಚಿಗೆ ಒಯ್ಯುವ ಭಾಗವೇ ಪ್ರೈಮರಿ. ಮೂಲ ಕಮಾಂಡೋಗಳಲ್ಲಿ ಅಲ್ಲಿ ಇರುವುದು ಮೂರು ಸಾಲಿನ, 3/8 ಇಂಚು ಪಿಚ್‌ನ (ಕೊಂಡಿಗಳ ನಡುವಿನ ಅಂತರ) ಚೈನು. ಅದು ಬಲು ಗಟ್ಟಿ. ಸ್ಪ್ರಾಕೆಟ್ ಹಲ್ಲುಗಳು ಸರಿ ಇದ್ದರೆ ಹೊಸ ಚೈನು ಹಾಕಿದರೆ ಸಾಕು, ಖರ್ಚು ಕಡಿಮೆ. ಬೆಲ್ಟಿಗೆ ಬದಲಾಯಿಸಬೇಕೆಂದರೆ ಎರಡು ಪುಲ್ಲಿ, ಕ್ಲಚ್ ಡ್ರಮ್ ಸಮೇತ ಇಡೀ ಕಿಟ್ ಕೊಳ್ಳಬೇಕು.

ಚೈನಿನ ತಲೆನೋವು ಎಣ್ಣೆ. ಚೈನಿರುವ ಕೇಸಿನಲ್ಲಿ ಸುಮಾರು 200 ಮಿ.ಲೀ. ಇರಲೇಬೇಕು, ಆದರೆ ಒಂದೇ ನಟ್ಟಿನಿಂದ ಹಿಡಿದಿಟ್ಟ ಹೊರಕವರು ಸೋರುವುದಕ್ಕೇ ಹೆಸರುವಾಸಿ. ಬೆಲ್ಟು ಎಣ್ಣೆಯಿಲ್ಲದೆಯೇ ಓಡುತ್ತದೆ, ಹಗುರ, ಸದ್ದೂ ಕಡಿಮೆ. ಹಾಗೆಂದು ಎಣ್ಣೆ ತಾಗಿ ಕ್ಲಚ್ ಜಾರುವುದು ತಾನಾಗಿ ನಿಲ್ಲದು: ಗೇರ್‌ಬಾಕ್ಸ್ ಎಣ್ಣೆ ಕ್ಲಚ್ ಬಿಡಿಸುವ ಸರಳಾದ ಪುಶ್‌ರಾಡ್ ಗುಂಟ ಹರಿದು ಕ್ಲಚ್ ಪ್ಲೇಟುಗಳಿಗೆ ತಲುಪಬಲ್ಲದು. ಬೆಲ್ಟ್ ಹಾಕುವ ಮೊದಲು ಎಂಜಿನ್ ಎಣ್ಣೆ ಹೊರಬರದಂತೆ ತಡೆಯುವ ಕ್ರ್ಯಾಂಕ್ ಸೀಲ್ ಕೂಡ ಹೊಸದಾಗಿರಲಿ.

ಜೋಡಣೆಯಲ್ಲಿ ಬೆಲ್ಟು ತಪ್ಪನ್ನು ಕ್ಷಮಿಸುವುದಿಲ್ಲ. ಹಿಂಚಕ್ರದ ಚೈನು ಎಳೆದಾಗ ಗೇರ್‌ಬಾಕ್ಸ್ ಸ್ವಲ್ಪ ಓರೆಯಾದರೂ ಬೆಲ್ಟು ಒಂದು ಪಕ್ಕಕ್ಕೆ ಸರಿದು ಅಂಚು ಸವೆಯುತ್ತದೆ. ಬಿಸಿಯಾದಾಗ ಅಲ್ಯೂಮಿನಿಯಂ ಪುಲ್ಲಿಗಳು ಹಿಗ್ಗುವುದರಿಂದ ತಣ್ಣಗಿದ್ದಾಗ ಸಡಿಲವಾಗಿಯೇ ಬಿಡಿ, ಓಡಿಸಿ ಬಂದು ಬಿಸಿಯಲ್ಲಿ ಮತ್ತೆ ನೋಡಿ. ಬಿಗಿ ಬೆಲ್ಟು ಬೇರಿಂಗುಗಳನ್ನು ತಿನ್ನುತ್ತದೆ. ಚೈನಿಗೆ ನಡುಮಧ್ಯೆ ಸುಮಾರು 10 ಮಿ.ಮೀ. ಆಟ ಸಾಕು.

ಸವೆದ ಚೈನು ಗಲಗಲ ಎಂದು ಮುನ್ಸೂಚನೆ ಕೊಡುತ್ತದೆ, ಬೆಲ್ಟು ಹೇಳದೆ ತುಂಡಾಗಬಹುದು. ದೂರ ಪ್ರಯಾಣಕ್ಕೆ ಹೊರಡುವವರು ಬಿಡಿ ಬೆಲ್ಟ್ ಒಯ್ಯಲಿ.

ಮೂಲರೂಪ ಉಳಿಸಬೇಕೆನ್ನುವವರಿಗೆ ಚೈನೇ ಸರಿ. 1975ರ ಮಾರ್ಕ್ 3ಯಲ್ಲಿ ಎಲೆಕ್ಟ್ರಿಕ್ ಸ್ಟಾರ್ಟಿನ ಗೇರುಗಳಿಗೂ ಆ ಎಣ್ಣೆ ಬೇಕಿರುವುದರಿಂದ ಅಲ್ಲೂ ಚೈನನ್ನೇ ಇಟ್ಟುಕೊಳ್ಳಿ. ಕಿಕ್ ಗಾಡಿಯನ್ನು ನಿತ್ಯ ಓಡಿಸುತ್ತಾ, ಸೋರಿಕೆಯಿಂದ ಬೇಸತ್ತಿದ್ದರೆ ಬೆಲ್ಟಿಗೆ ಹಣ ಹಾಕುವುದು ಸಾರ್ಥಕ.