ಅಪಾಚೆ ವಿಕೆಟ್: ಬೇಕಾದಾಗ ಮಾತ್ರ ಕಾಣುವ ಖಾನೆಗಳಿಗೆ ನನ್ನ ಮೆಚ್ಚುಗೆ

ಬಸವನಗುಡಿಯ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಒಂದು ವೆಬ್ ಫಾರಂ ಮಾಡಿಕೊಟ್ಟಿದ್ದೆ. "ಗಾಡಿ ಇದೆಯಾ?" ಅನ್ನುವಲ್ಲಿ ಟಿಕ್ ಹಾಕಿದವರಿಗೆ ಮಾತ್ರ ನಂಬರ್ ಕೇಳಬೇಕು. ಮೊದಲು ಜಾವಾಸ್ಕ್ರಿಪ್ಟ್‌ನಲ್ಲಿ ಖಾನೆಯನ್ನು ಸುಮ್ನೆ ಮರೆಮಾಡಿದ್ದೆ. ಮೂರನೇ ಮಹಡಿಯ ಅಜ್ಜಿಗೆ ಗಾಡಿಯೇ ಇಲ್ಲ. ಆದರೂ "ನಂಬರ್ ಕಡ್ಡಾಯ" ಅಂತ ಬರುತ್ತಿತ್ತು. ಕಣ್ಣಿಗೆ ಕಾಣದ ಖಾನೆ ಸರ್ವರ್ ಪಾಲಿಗೆ ಇನ್ನೂ ಇತ್ತು. ಪಾಪ, ನಾಲ್ಕು ಸಲ ಒತ್ತಿದರು.

ಆಮೇಲೆ, ಜಾವಾದಲ್ಲಿ ವೆಬ್ ಪುಟ ಕಟ್ಟುವ ಫ್ರೇಮ್‌ವರ್ಕ್ ಆದ ಅಪಾಚೆ ವಿಕೆಟ್‌ನಲ್ಲಿ ಮತ್ತೆ ಬರೆದೆ. ತುಂಬಾ ಹಿಡಿಸಿತು. ಸೆಟ್‌ವಿಸಿಬಲ್‌ಗೆ ಫಾಲ್ಸ್ ಕೊಟ್ಟರೆ ಆ ಖಾನೆ ಪುಟಕ್ಕೂ ಹೋಗುವುದಿಲ್ಲ, ಸಬ್ಮಿಟ್ ಆದಾಗ ತಪಾಸಣೆಗೂ ಬರುವುದಿಲ್ಲ. ಖಾನೆ ಯಾವಾಗ ಕಾಣಬೇಕು ಅನ್ನುವ ಷರತ್ತನ್ನು, ಪುಟ ತೋರಿಸುವ ಮುನ್ನ ವಿಕೆಟ್ ಕರೆಯುವ ಆನ್‌ಕಾನ್ಫಿಗರ್ ಒಳಗೆ ಒಂದೇ ಕಡೆ ಬರೆದರೆ ಸಾಕು.

ಒಂದು ವಿಷಯಕ್ಕೆ ಮಾತ್ರ ಅರ್ಧ ದಿನ ಹೋಯಿತು. ಟಿಕ್ ಹಾಕಿದರೂ ಖಾನೆ ಬರಲಿಲ್ಲ. ಪುಟದಲ್ಲೇ ಇಲ್ಲದ ಟ್ಯಾಗನ್ನು ಅಜಾಕ್ಸ್ (ಇಡೀ ಪುಟ ಮತ್ತೆ ತರದೆ ಒಂದು ಭಾಗವನ್ನಷ್ಟೇ ಬದಲಾಯಿಸುವ ವಿಧಾನ) ಹೇಗೆ ಬದಲಾಯಿಸುತ್ತದೆ, ಅಲ್ವಾ? ಸೆಟ್‌ಔಟ್‌ಪುಟ್‌ಮಾರ್ಕಪ್‌ಪ್ಲೇಸ್‌ಹೋಲ್ಡರ್‌ಟ್ಯಾಗ್‌ಗೆ ಟ್ರೂ ಕೊಟ್ಟೆ. ಆಗ ಒಂದು ಖಾಲಿ ಟ್ಯಾಗ್ ಜಾಗ ಹಿಡಿದು ಕೂರುತ್ತದೆ. ಲೇಬಲ್, ಖಾನೆ ಎರಡನ್ನೂ ಒಂದೇ ಕಂಟೈನರ್‌ನಲ್ಲಿಟ್ಟು ಅದಕ್ಕೇ ಸೆಟ್‌ವಿಸಿಬಲ್, ಈ ಖಾಲಿ ಟ್ಯಾಗ್ ಎರಡನ್ನೂ ಹಾಕಿ. ಇಲ್ಲದಿದ್ದರೆ ಲೇಬಲ್ ಒಂಟಿಯಾಗಿ ಉಳಿಯುತ್ತದೆ.

ಇನ್ನೊಂದು: ಮೊದಲೇ ನಂಬರ್ ಉಳಿಸಿದವರು ಈಗ ಟಿಕ್ ತೆಗೆದರೆ ಹಳೆಯ ನಂಬರ್, ಫಾರಂನ ಮಾಹಿತಿ ಹಿಡಿದಿಡುವ ಮಾಡೆಲ್‌ನಲ್ಲೇ ಇರುತ್ತದೆ. ಅದನ್ನು ನಾವೇ ಅಳಿಸಬೇಕು. ಗಾಡಿ ಮಾರಿದವರ ಕೆಎ 05 ನಂಬರ್ ಪಾರ್ಕಿಂಗ್ ಪಟ್ಟಿಯಲ್ಲಿ ಉಳಿದಿದ್ದು ಹೀಗೇ.

ಕಲಿಯಲು ಸ್ವಲ್ಪ ಜಾಸ್ತಿ ತಾಳ್ಮೆ ಬೇಕು. ಆದರೂ ದೊಡ್ಡ ಫಾರಂಗಳಿಗೆ ನಾನು ಇದನ್ನೇ ಹೇಳುತ್ತೇನೆ. ಕಳೆದ ಭಾನುವಾರ ಅಜ್ಜಿ ಒಂದೇ ಸಲಕ್ಕೆ ಫಾರಂ ಕಳಿಸಿದರು.