ಹಳೆಯ ರೇಡಿಯೊ ಪೆಟ್ಟಿಗೆಯಲ್ಲಿ ಕಂಪ್ಯೂಟರ್ ಕಟ್ಟುವವರು ಮೊದಲು ಅರ್ತಿಂಗ್ ನೋಡಿ

ಹಳೆಯ ವಾಲ್ವ್ ರೇಡಿಯೊದ ಮರದ ಪೆಟ್ಟಿಗೆಯೊಳಗೆ ಪುಟ್ಟ ಕಂಪ್ಯೂಟರನ್ನು ಕೂರಿಸಬೇಕೆಂದಿರುವವರು ಪವರ್ ಸಪ್ಲೈಯ ತಗಡಿನ ಕವಚವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ನಾನು ಬಿಚ್ಚಿದೆ. ಅದರ ಫಲವಾಗಿ ನಮ್ಮ ಮನೆಯ ಮೇಜಿನ ಮೇಲೆ, ಎಲ್ಲರ ಕೈಗೆಟಕುವ ಜಾಗದಲ್ಲಿ, ಕರೆಂಟು ಹೊಕ್ಕಿದ್ದ ಲೋಹದ ಚಾಸಿಯೊಂದು (ಒಳಗಿನ ಚೌಕಟ್ಟು) ಎಷ್ಟು ದಿನ ಕೂತಿತ್ತೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ಯಾರಿಗೂ ಏನೂ ಆಗಲಿಲ್ಲ ನಿಜ, ಆದರೆ ಅದಕ್ಕೆ ನನ್ನ ಎಚ್ಚರಿಕೆ ಕಾರಣವಾಗಿರಲಿಲ್ಲ.

ನನಗೆ ಸಿಕ್ಕಿದ್ದು ಒಳಗಿನ ವಾಲ್ವುಗಳು, ಟ್ರಾನ್ಸ್‌ಫಾರ್ಮರ್ ಎಲ್ಲವನ್ನೂ ಯಾರೋ ಆಗಲೇ ಕಳಚಿದ್ದ, ದುರಸ್ತಿಯಾಗದ ರೇಡಿಯೊ. ಮರದ ಪೆಟ್ಟಿಗೆ, ಸ್ಪೀಕರಿನ ಮುಂದಿನ ಬಟ್ಟೆ, ಗಾಜಿನ ಡಯಲ್, ಅದರ ಹಿಂದೆ ಓಡಾಡುವ ಮುಳ್ಳು, ಇವೆಲ್ಲವನ್ನು ಹಿಡಿದುಕೊಂಡಿದ್ದ ಉಕ್ಕಿನ ತಗಡಿನ ಚಾಸಿ ಮಾತ್ರ ಉಳಿದಿದ್ದವು. ಮಿನಿ ಐಟಿಎಕ್ಸ್ ಎಂಬ ಪುಟ್ಟ ಅಳತೆಯ ಮದರ್‌ಬೋರ್ಡು ಉದ್ದಗಲ ಎರಡರಲ್ಲೂ 170 ಮಿಲಿಮೀಟರ್ ಇರುವುದರಿಂದ ಅದು ಚಾಸಿಯ ಮೇಲೆ ಅಳತೆಗೆ ಹೊಲಿಸಿದಂತೆ ಕೂತಿತು. ಕೂರದೆ ಹೋದದ್ದು ಪವರ್ ಸಪ್ಲೈ. ಚಿಕ್ಕ ಪೆಟ್ಟಿಗೆಗಳಿಗೆಂದೇ ಇರುವ ಎಸ್‌ಎಫ್‌ಎಕ್ಸ್ ಮಾದರಿಯದನ್ನೇ ತಂದಿದ್ದರೂ ಅದರ ಎತ್ತರ 63.5 ಮಿಲಿಮೀಟರ್, ಡಯಲಿನ ಯಂತ್ರದ ಕೆಳಗೆ ಉಳಿದಿದ್ದ ಸಂದು ಅದಕ್ಕಿಂತ ತುಸು ಕಡಿಮೆ. ಡಯಲನ್ನು ತೆಗೆದರೆ ರೇಡಿಯೊದ ಅಂದವೇ ಹೋಗುತ್ತದೆಂದು ನಾನು ಡಯಲನ್ನು ಉಳಿಸಿಕೊಂಡು, ಪವರ್ ಸಪ್ಲೈಯ ಕವಚವನ್ನು ಬಿಚ್ಚಿ, ಒಳಗಿನ ಬೋರ್ಡನ್ನು ಮಾತ್ರ ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಲ್ಲಿಸಿದೆ. ಪ್ಲಗ್ಗಿನ ಕಡೆಯಿಂದ ಬಂದು ಕವಚಕ್ಕೆ ಸ್ಕ್ರೂ ಆಗಿದ್ದ ಹಸಿರು-ಹಳದಿ ತಂತಿಗೆ ಇನ್ನು ಕೆಲಸವಿಲ್ಲವೆಂದು ತಿಳಿದು, ಅದನ್ನು ಕತ್ತರಿಸಿ ತುದಿಗೆ ಟೇಪು ಸುತ್ತಿದೆ. ಮೂರು ಪಿನ್ನಿನ ಪ್ಲಗ್ಗು ಇದೆಯಲ್ಲ ಎಂಬುದೇ ನನ್ನ ಧೈರ್ಯವಾಗಿತ್ತು.

ಆ ಕವಚ ಬರಿಯ ಮುಚ್ಚಳವಲ್ಲ. ಪವರ್ ಸಪ್ಲೈಯೊಳಗೆ ಗೋಡೆಯ ಕರೆಂಟಿನೊಂದಿಗೆ ನೇರ ಸಂಬಂಧವಿರುವ ಒಂದು ಭಾಗವಿದೆ, ಕಂಪ್ಯೂಟರಿಗೆ 12 ವೋಲ್ಟು, 5 ವೋಲ್ಟು ಕೊಡುವ ಇನ್ನೊಂದು ಭಾಗವಿದೆ. ಈ ಎರಡನೆಯ ಭಾಗದ ನೆಗೆಟಿವ್ ತುದಿ ಬೋರ್ಡಿನ ಸ್ಕ್ರೂ ತೂತಿನ ಮೂಲಕ ಕವಚಕ್ಕೂ, ಕವಚದಿಂದ ಹಸಿರು-ಹಳದಿ ತಂತಿಯ ಮೂಲಕ ಭೂಮಿಗೂ ಸೇರುತ್ತದೆ. ಮದರ್‌ಬೋರ್ಡಿನ ಸ್ಕ್ರೂಗಳ ಮೂಲಕ ಕ್ಯಾಬಿನೆಟ್ಟಿನ ಲೋಹಕ್ಕೆಲ್ಲ ಅರ್ತಿಂಗ್ ಸಿಗುವುದೂ ಹೀಗೆಯೇ. ನಾನು ಈ ಸರಪಳಿಯನ್ನು ಎರಡು ಕಡೆ ಕಡಿದಿದ್ದೆ. ಅರ್ತಿಂಗ್ ಹೋದ ಮೇಲೆ, ವಿದ್ಯುತ್ ಅಡಚಣೆ ತಡೆಯಲೆಂದು ಲೈನು, ನ್ಯೂಟ್ರಲುಗಳೆರಡರಿಂದಲೂ ಈ ನೆಗೆಟಿವ್ ತುದಿಗೆ ಜೋಡಿಸಿರುವ ಸಣ್ಣ ಕೆಪಾಸಿಟರುಗಳ ದೆಸೆಯಿಂದ ಇಡೀ ಚಾಸಿ ಗೋಡೆಯ ವೋಲ್ಟೇಜಿನ ಸುಮಾರು ಅರ್ಧದಲ್ಲಿ ತೇಲತೊಡಗುತ್ತದೆ. ಅದರ ಕರೆಂಟು ತೀರ ಕಡಿಮೆ. ಬರಿಗಾಲಲ್ಲಿ ನಿಂತು ಯುಎಸ್‌ಬಿ ಕಿಂಡಿಯ ಅಂಚನ್ನು ಮುಟ್ಟಿದಾಗ ಮಣಿಕಟ್ಟಿನ ಒಳಬದಿ ಜುಮ್ಮೆನ್ನುತ್ತದೆ, ಅಷ್ಟೆ. ಮೊದಲ ದಿನವೇ ನನಗೆ ಹಾಗಾಯಿತು. ಹವೆ ಒಣಗಿದಾಗ ಬಟ್ಟೆಯಿಂದ ಚಟ್ಟೆನ್ನುವ ಕಿಡಿಯಂಥದ್ದೇ ಇದೂ ಇರಬೇಕೆಂದುಕೊಂಡೆ. ಆದರೆ ಆ ಕಿಡಿ ಒಮ್ಮೆ ಹೊಡೆದು ಮುಗಿಯುತ್ತದೆ, ಇದು ಮುಟ್ಟಿದಷ್ಟು ಹೊತ್ತೂ ಜುಮ್ಮೆನ್ನುತ್ತಲೇ ಇರುತ್ತದೆ. ಈ ಒಂದು ವ್ಯತ್ಯಾಸವನ್ನು ಗಮನಿಸಿದ್ದರೆ ನಾನು ಅಂದೇ ಪ್ಲಗ್ಗು ಕೀಳುತ್ತಿದ್ದೆ.

ಇದರ ಜೊತೆಗೆ ಕಾವು. ರೇಡಿಯೊದ ಹಿಂಬದಿಯ ತೂತಿನ ಹಲಗೆ ವಾಲ್ವುಗಳ ಬಿಸಿ ತಾನಾಗಿ ಮೇಲೇರಿ ಹೋಗಲೆಂದು ಮಾಡಿದ್ದು. 65 ವ್ಯಾಟಿನ ಪ್ರೊಸೆಸರನ್ನು ತಂಪಾಗಿಡಲು ಅದು ಸಾಲದು. ಮರದ ಮೂಲಕ ಕಾವು ಹೊರಹೋಗುವುದು ಉಕ್ಕು ಅಲ್ಯೂಮಿನಿಯಮ್ಮುಗಳಿಗೆ ಹೋಲಿಸಿದರೆ ಇಲ್ಲವೆಂದೇ ಹೇಳಬೇಕು. ಪ್ರೊಸೆಸರಿನ ಫ್ಯಾನು ಹೊರಗಿನ ಗಾಳಿಯನ್ನು ಎಳೆಯುವ ಬದಲು ತಾನೇ ಊದಿದ ಬಿಸಿಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿತ್ತು. ವಿಡಿಯೊ ಕೆಲಸಕ್ಕೆ ಕೂತ ಕೆಲವೇ ನಿಮಿಷಗಳಲ್ಲಿ ಉಷ್ಣತೆ 95 ಡಿಗ್ರಿ ದಾಟಿ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಪೆಟ್ಟಿಗೆಯ ಮೇಲ್ಭಾಗದ ತೆಳುವಾದ ಮರದ ಹೊದಿಕೆ ಅಂಟು ಬಿಟ್ಟು, ದೋಸೆಯ ಮೇಲೆ ಗುಳ್ಳೆ ಎದ್ದಂತೆ ಎದ್ದಿತ್ತು.

ಆ ಕಾವಿನಲ್ಲೇ ಡಯಲಿನ ದಾರ ಹರಿಯಿತೆಂದು ನನ್ನ ಅಂದಾಜು. ಗುಂಡಿಯನ್ನು ತಿರುಗಿಸಿದರೆ ಮುಳ್ಳು ಓಡಲೆಂದು ಈ ರೇಡಿಯೊಗಳಲ್ಲಿ ಒಂದು ರಾಟೆಗೆ ದಾರ ಸುತ್ತಿ, ಅದು ಸಡಿಲವಾಗದಂತೆ ಪುಟ್ಟ ಸ್ಪ್ರಿಂಗೊಂದನ್ನು ಸಿಕ್ಕಿಸಿರುತ್ತಾರೆ. ಮುಳ್ಳಿನ ಓಟ ಅಕ್ಕನ ಮಗಳಿಗೆ ಬಹಳ ಇಷ್ಟವಾಗಿ, ಬಂದಾಗಲೆಲ್ಲ ಆ ಗುಂಡಿಯನ್ನು ಹಿಡಿದು ಕೂರುತ್ತಿದ್ದಳು. ಒಂದು ದಿನ ಮುಳ್ಳು ನಿಂತುಹೋಯಿತೆಂದು ಹೇಳಿದಳು. ಬಿಡುವಾದಾಗ ನೋಡೋಣವೆಂದು ನಾನು ಸುಮ್ಮನಾದೆ. ಒಳಗೆ ಆಗಿದ್ದೇನೆಂದರೆ, ದಾರ ಹರಿದು, ಸ್ಪ್ರಿಂಗಿನ ಒಂದು ಕೊಕ್ಕೆ ಲೋಹದ ರಾಟೆಯಲ್ಲೇ ಸಿಕ್ಕಿಕೊಂಡು, ಇನ್ನೊಂದು ತುದಿ ಜೋತುಬಿದ್ದು ಕೆಳಗಿದ್ದ ಬೆತ್ತಲೆ ಪವರ್ ಸಪ್ಲೈಯ ಹೀಟ್ ಸಿಂಕಿಗೆ, ಅಂದರೆ ಕಾವನ್ನು ಹೊರಹಾಕುವ ಲೋಹದ ತುಂಡಿಗೆ, ಒರಗಿತ್ತು. ಅನೇಕ ಪವರ್ ಸಪ್ಲೈಗಳಲ್ಲಿ ಗೋಡೆಯ ಕರೆಂಟಿನ ಬದಿಯ ಹೀಟ್ ಸಿಂಕೂ ಆ ಕರೆಂಟಿಗೇ ಸೇರಿಕೊಂಡಿರುತ್ತದೆ. ನನ್ನದೂ ಹಾಗೆಯೇ ಇತ್ತು. ರಾಟೆ ಚಾಸಿಗೆ ಸೇರಿದ್ದರಿಂದ ಅಂದಿನಿಂದ ಚಾಸಿಯಲ್ಲಿ ಇದ್ದದ್ದು ಜುಮ್ಮೆನ್ನಿಸುವ ಕರೆಂಟಲ್ಲ, ಕೊಲ್ಲಬಲ್ಲ ಕರೆಂಟು.

ಹಾಗಿದ್ದೂ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಬೀಳಲಿಲ್ಲ, ಹೊಗೆ ಬರಲಿಲ್ಲ, ಕಂಪ್ಯೂಟರ್ ಎಂದಿನಂತೆ ನಡೆಯಿತು. ಚಾಸಿಗೆ ಅರ್ತಿಂಗ್ ಇದ್ದಿದ್ದರೆ ಸ್ಪ್ರಿಂಗು ತಾಕಿದ ಗಳಿಗೆಯಲ್ಲೇ ಭಾರೀ ಕರೆಂಟು ಭೂಮಿಗೆ ಹರಿದು ಎಂಸಿಬಿ ಬೀಳುತ್ತಿತ್ತು. ಹರಿಯಲು ದಾರಿಯೇ ಇಲ್ಲದ್ದರಿಂದ ಅದು ಯಾರಾದರೂ ಮುಟ್ಟಲಿ ಎಂಬಂತೆ ಕಾದು ಕೂತಿತ್ತು. ನನ್ನ ಮಾನಿಟರಿನ ಅಡಾಪ್ಟರು ಎರಡು ಪಿನ್ನಿನದಾದ್ದರಿಂದ ಆ ಕಡೆಯಿಂದಲೂ ಅರ್ತಿಂಗ್ ಸಿಗಲಿಲ್ಲ. ಕೊನೆಗೆ ಗೊತ್ತಾದದ್ದು, ಮೂರು ಪಿನ್ನಿನ ದೊಡ್ಡ ಮಾನಿಟರೊಂದನ್ನು ಜೋಡಿಸಲು ಹೋದಾಗ. ಎಚ್‌ಡಿಎಂಐ ಕೇಬಲಿನ ತುದಿ ಕಿಂಡಿಗೆ ತಾಕಿದ ಕೂಡಲೆ ನೀಲಿ ಬೆಳಕು ಹೊಡೆದು ಎಂಸಿಬಿ ಬಿತ್ತು. ಕೇಬಲಿನ ಲೋಹದ ತುದಿಯ ಒಂದು ಮೂಲೆ ಕರಗಿ ದುಂಡಗಾಗಿತ್ತು. ಮದರ್‌ಬೋರ್ಡು ಹೋಯಿತು, ಎಸ್‌ಎಸ್‌ಡಿಯೂ ಹೋಯಿತು.

ಆಮೇಲೆ ಗುಂಡಿಯನ್ನು ಕಳಚಿ ನೋಡಿದೆ. ಗುಂಡಿ ಬೇಕಲೈಟಿನದು, ಕರೆಂಟು ಹಾಯದು. ಆದರೆ ಅದನ್ನು ಲೋಹದ ಕಡ್ಡಿಗೆ ಬಿಗಿದಿದ್ದ ಸಣ್ಣ ಸ್ಕ್ರೂವಿನ ತಲೆ, ಬೆರಳು ಊರುವ ಬದಿಯಲ್ಲೇ, ಒಂದೆರಡು ಮಿಲಿಮೀಟರ್ ಒಳಗಿತ್ತು. ಆ ಸ್ಕ್ರೂ ಕಡ್ಡಿಗೆ, ಕಡ್ಡಿ ಚಾಸಿಗೆ. ಆ ಮಗುವಿನ ಬೆರಳಿಗೂ ಕರೆಂಟಿಗೂ ನಡುವೆ ಇದ್ದದ್ದು ಅಷ್ಟೇ ಅಂತರ. ಇದನ್ನು ಅಕ್ಕನಿಗೆ ಹೇಳುವುದು ನನಗೆ ಬಹಳ ಕಷ್ಟವಾಯಿತು.

ನೀವು ಇಂಥದ್ದನ್ನು ಕಟ್ಟುವುದಾದರೆ ಗೋಡೆಯ ಕರೆಂಟು ಪೆಟ್ಟಿಗೆಯೊಳಗೆ ಬರದಂತೆಯೇ ಯೋಜನೆ ಹಾಕಿ. ಲ್ಯಾಪ್‌ಟಾಪಿನದರಂಥ ಅಡಾಪ್ಟರು ಹೊರಗಿರಲಿ, ಒಳಗೆ 12 ಅಥವಾ 19 ವೋಲ್ಟಿನಿಂದ ನಡೆಯುವ ಡಿಸಿ ಬೋರ್ಡು ಇರಲಿ, ಪ್ರೊಸೆಸರು 35 ವ್ಯಾಟಿನದಿರಲಿ; ಕಾವಿನ ಸಮಸ್ಯೆಯೂ ಬಹುಪಾಲು ಅದರಲ್ಲೇ ಕಡಿಮೆಯಾಗುತ್ತದೆ. ಕೆಳಗಿನಿಂದ ತಂಪು ಗಾಳಿ ಬರಲು, ಮೇಲಿನಿಂದ ಬಿಸಿಗಾಳಿ ಹೋಗಲು ಬೇರೆ ಬೇರೆ ದಾರಿ ಬಿಟ್ಟು, ಎರಡರ ನಡುವೆ ಒಂದು ಅಡ್ಡತಡೆ ಹಾಕಿ. ಪವರ್ ಸಪ್ಲೈ ಒಳಗೇ ಇರಬೇಕೆಂದಾದರೆ ಕವಚ ಸಮೇತ ಇರಲಿ, ಅದು ಹಿಡಿಸದ ಪೆಟ್ಟಿಗೆಯನ್ನು ಬಿಟ್ಟುಬಿಡಿ. ಪ್ಲಗ್ಗು ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದಾದ್ದರಿಂದ, ಬಿಚ್ಚುವ ಕೆಲಸವೇ ಅಪಾಯದ್ದು. ಪೆಟ್ಟಿಗೆಯಲ್ಲಿರುವ ಪ್ರತಿಯೊಂದು ಲೋಹದ ಭಾಗಕ್ಕೂ, ಬಣ್ಣ ಕೆರೆದು, ಉಂಗುರದ ತುದಿಯಿರುವ ಹಸಿರು-ಹಳದಿ ತಂತಿಯನ್ನು ಬಿಗಿಯಾಗಿ ಸ್ಕ್ರೂ ಮಾಡಿ. ಒಳಗೆ ಜೋತುಬೀಳಬಹುದಾದ ದಾರ, ಸ್ಪ್ರಿಂಗು, ಸಡಿಲವಾದ ತಗಡು ಯಾವುದೂ ಬೇಡ. ತೂತು ಕೊರೆಯುವ ಕೆಲಸವನ್ನೆಲ್ಲ ಮದರ್‌ಬೋರ್ಡು ಕೂರಿಸುವ ಮೊದಲೇ ಮುಗಿಸಿ. ಕೊರೆಯುವಾಗ ಉದುರಿ ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಪುಡಿ ಎಷ್ಟು ಕೊಡವಿದರೂ ಪೂರ್ತಿ ಹೋಗುವುದಿಲ್ಲ.

ಈಗಾಗಲೇ ಕಟ್ಟಿಕೊಂಡು ಬಳಸುತ್ತಿರುವವರು ಇಂದೇ ಅದರ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಇತರ ಎಲ್ಲ ಕೇಬಲುಗಳನ್ನೂ ತೆಗೆದು, ಓಮ್ ಅಳೆಯುವಂತೆ ಇಟ್ಟ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ಅರ್ತಿಂಗ್ ಪಿನ್ನಿಗೂ ಇನ್ನೊಂದನ್ನು ಕೈಗೆ ಸಿಗುವ ಪ್ರತಿಯೊಂದು ಲೋಹದ ಭಾಗಕ್ಕೂ ಹಿಡಿಯಿರಿ. ಗುಂಡಿಯ ಬದಿಯ ಸಣ್ಣ ಸ್ಕ್ರೂವನ್ನು ಮರೆಯಬೇಡಿ. ಪವರ್ ಸಪ್ಲೈ ಒಳಗಿರುವ ಪೆಟ್ಟಿಗೆಯಲ್ಲಿ ಒಂದು ಓಮ್‌ಗಿಂತ ಹೆಚ್ಚು ತೋರಿಸುವ ಒಂದೇ ಒಂದು ಜಾಗ ಸಿಕ್ಕರೂ, ಅದು ಸರಿಯಾಗುವ ತನಕ ಪ್ಲಗ್ಗನ್ನು ಮತ್ತೆ ಹಾಕಬೇಡಿ.